ಅಡುಗೆಮನೆಯ ಸಮೀಕ್ಷೆ

ಪ್ರಶ್ನೆ ಕೇಳುವುದು ಹೇಗೆಂದು ಕಲಿಸುವುದರಲ್ಲೇ ಮೇಷ್ಟ್ರು ಬದುಕು ಸವೆಸಿದರು. ವಿಶ್ವವಿದ್ಯಾಲಯದಲ್ಲಿ ಅವರದು ಸಮೀಕ್ಷಾ ವಿಧಾನದ ಪಾಠ. ಉಳಿದವರು ಕಾಗದದ ಕಟ್ಟು ಹೊತ್ತು ಮನೆಮನೆ ಅಲೆಯುತ್ತಿದ್ದಾಗಲೇ ಸಣ್ಣ ಪರದೆಯ ಫೋನಿಗೆ ಪ್ರಶ್ನೆಗಳನ್ನು ತುಂಬಿಸಿದ ಪುಣ್ಯಾತ್ಮರು ಅವರು. "ಇದೇನ್ರೀ, ಆಟದ ಸಾಮಾನಾ?" ಎಂದು ನಕ್ಕ ಸಹೋದ್ಯೋಗಿಗಳೇ ಆಮೇಲೆ ತರಬೇತಿಗೆ ದುಂಬಾಲು ಬಿದ್ದರು. ಉತ್ತರವನ್ನು ಬಾಯಿಗೆ ತುರುಕಬೇಡಿ, ಎದುರಿನವರು ಏನೇ ಹೇಳಿದರೂ ನಿಮ್ಮ ಮುಖ ಬದಲಾಗಕೂಡದು ಎಂಬುದೇ ಅವರ ಪಾಠ.

ಪ್ರತಿ ಹೊಸ ಪ್ರಶ್ನಾವಳಿಗೂ ಮೊದಲು ಸಿಕ್ಕಿಬೀಳುತ್ತಿದ್ದವಳು ಹೆಂಡತಿ. ಒಲೆಯ ಮುಂದೆ ನಿಂತವಳನ್ನು ಹಿಡಿದು, ಫೋನು ಒತ್ತುತ್ತ, "ಮನೆಯಲ್ಲಿ ಎಷ್ಟು ಜನ ಇದ್ದೀರಿ?" ಎಂದು ಗಂಭೀರವಾಗಿ ಶುರುಮಾಡುವರು. "ನಾನೊಬ್ಬಳು, ತಲೆ ತಿನ್ನೋರು ಒಬ್ಬರು" ಎಂದರೆ ಸಾಕು, ಪಾಠವೆಲ್ಲ ಮರೆತು "ಲೇ, ಸರಿಯಾಗಿ ಹೇಳೇ!" ಎಂದು ಗೊಳ್ಳೆಂದು ನಕ್ಕುಬಿಡುವರು. ಮಕ್ಕಳಿಲ್ಲದ ಮನೆಗೆ ಅದೇ ಸಡಗರ.

ನಿವೃತ್ತಿಯ ಬೆನ್ನಿಗೇ ಮರೆವು ಬಂತು. ಮೊದಲು ಕನ್ನಡಕ, ಆಮೇಲೆ ಮನೆಯ ದಾರಿ, ಕೊನೆಗೆ ಮನುಷ್ಯರು. ಆ ಹಾಳು ರೋಗಕ್ಕೆ ಕಣ್ಣಿರಲಿಲ್ಲ. ಪ್ರಶ್ನೆ ಕೇಳುವ ವಿದ್ಯೆಯನ್ನು ಉಳಿಸಿ, ಹೆಂಡತಿಯ ಗುರುತನ್ನು ಒಯ್ದಿತು. ಒಂದೇ ಒಂದು ಸಲ ತನ್ನನ್ನು ಗುರುತು ಹಿಡಿಯಲಿ ಎಂದು ಅವಳು ಹಂಬಲಿಸುತ್ತಿದ್ದಳು.

ಒಂದು ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಶರ್ಟು ತೊಟ್ಟು, ಕೆಟ್ಟುಹೋದ ಫೋನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ನಮಸ್ಕಾರ ಅಮ್ಮ. ಸ್ವಲ್ಪ ಬಿಡುವಿದೆಯಾ? ಇಷ್ಟ ಇಲ್ಲದ ಪ್ರಶ್ನೆಗೆ ನೀವು ಉತ್ತರ ಕೊಡಬೇಕಾಗಿಲ್ಲ."

ಜೀವಮಾನವೆಲ್ಲ 'ಲೇ' ಎಂದು ಕರೆದ ಬಾಯಿ ಅದು. ಆದರೂ ಇದೇ ನೆಪದಲ್ಲಿ ಅವರನ್ನು ವಾಪಸು ಕರೆತರಬಹುದೇನೋ ಎಂಬ ಆಸೆಯಿಂದ ಅವಳು ಕೈ ಒರೆಸಿಕೊಂಡು ಕೂತಳು.

"ಮನೆಯಲ್ಲಿ ಎಷ್ಟು ಜನ ಇದ್ದೀರಿ?"

"ನಾನೊಬ್ಬಳು, ತಲೆ ತಿನ್ನೋರು ಒಬ್ಬರು" ಎಂದು ಅವರನ್ನೇ ನೋಡಿದಳು.

ಮೇಷ್ಟ್ರು ನಗಲಿಲ್ಲ. ಫೋನು ಒತ್ತಿದರು. "ಆ ಇನ್ನೊಬ್ಬರು ನಿಮಗೇನಾಗಬೇಕು?"

"ನಮ್ಮ ಯಜಮಾನರು."

"ಅವರನ್ನೂ ಎರಡು ಮಾತು ಕೇಳಬೇಕಿತ್ತು. ಈಗ ಮನೇಲಿದ್ದಾರಾ?"

'ನೀವೇ ಕಣ್ರೀ ಅದು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಿಂದೊಮ್ಮೆ ಹಾಗೆ ಹೇಳಿದಾಗ ಅವರು ಹೆದರಿ, ಯಾರೋ ತಮ್ಮನ್ನು ಹಿಡಿದಿಟ್ಟಿದ್ದಾರೆಂದು ಕೂಗಾಡಿದ್ದರು.

"ಇಲ್ಲ. ಹೊರಗೆ ಹೋಗಿದ್ದಾರೆ."

"ಪರವಾಗಿಲ್ಲಮ್ಮ. ಇನ್ನೊಂದು ಸಲ ಬರ್ತೀನಿ" ಎಂದು ಮೇಷ್ಟ್ರು ಕೈಮುಗಿದು ಹೊರಟರು. ಅವರು ಬೀದಿಬಾಗಿಲು ದಾಟುವ ಮೊದಲೇ ಓಡಿಹೋಗಿ ಅವಳು ಅದಕ್ಕೆ ಒಳಗಿನಿಂದ ಚಿಲಕ ಹಾಕಬೇಕಾಯಿತು.