ಅಮೀನಪ್ಪನ ಟ್ಯಾಂಕಿಗೆ ಎಷ್ಟು ನೀರು ಹಿಡಿಯುತ್ತದೆ

ನಮ್ಮ ಇಳಕಲ್ಲಿನಲ್ಲಿ ಟ್ಯಾಂಕು ಅಂದರೆ ಒಂದೇ ಅರ್ಥ. ಅದು ಮಾಳಿಗೆಯ ಮೇಲೆ ಕರ್ರಗೆ ಕೂತಿರುತ್ತದೆ, ಬೇಸಿಗೆಯಲ್ಲಿ ಖಾಲಿ ಇರುತ್ತದೆ, ಉಳಿದ ದಿನ ಸೋರುತ್ತದೆ. ಯುದ್ಧದ ಟ್ಯಾಂಕನ್ನು ನಾವು ನೋಡಿಲ್ಲವೆಂದಲ್ಲ. ಜನವರಿ ಇಪ್ಪತ್ತಾರಕ್ಕೆ ಟೀವಿಯಲ್ಲಿ ಬರುತ್ತಿತ್ತು. ಆದರೆ ಅದಕ್ಕೆ ನಾವು ತೋಪಿನ ಗಾಡಿ ಅನ್ನುತ್ತಿದ್ದೆವು. ಟ್ಯಾಂಕೆಂಬ ಹೆಸರನ್ನು ನೀರು ಮೊದಲೇ ಹಿಡಿದುಕೊಂಡುಬಿಟ್ಟಿತ್ತು.

ಹೀಗಾಗಿ, ನೇಕಾರರ ಓಣಿಯ ಅಮೀನಪ್ಪ ಹದಿನೇಳು ವರ್ಷ ಮಿಲಿಟರಿಯಲ್ಲಿ 'ಟ್ಯಾಂಕಿನ ಕೆಲಸ' ಮಾಡಿ 1997ರಲ್ಲಿ ಊರಿಗೆ ಮರಳಿದಾಗ ಜನ ಅವನನ್ನು ಯಾವ ಕಣ್ಣಿನಿಂದ ನೋಡಿದರೆಂದು ಬೇರೆ ಹೇಳಬೇಕಿಲ್ಲ. ಹಾಗೆ ನೋಡಿದವರಲ್ಲಿ ಮೊದಲಿಗ ನಾನೇ.

ನಾನು ಹುನಗುಂದದ ಕೋರ್ಟಿನಲ್ಲಿ ಗುಮಾಸ್ತ. ಸಮನ್ಸು ಬರೆದು ಬರೆದು, ಯಾರನ್ನು ಬೇಕಾದರೂ ಯಾವಾಗ ಬೇಕಾದರೂ ಕರೆಸಬಹುದೆಂಬ ಭ್ರಮೆ ನನಗೆ ಅಂಟಿಕೊಂಡಿತ್ತು. ಸಾಲದ್ದಕ್ಕೆ ಓಣಿಯ ಸ್ವಾತಂತ್ರ್ಯೋತ್ಸವ ಸಮಿತಿಗೆ ಕಾರ್ಯದರ್ಶಿ. ಕರೆಸಿದೆ.

"ಅಮೀನಪ್ಪಾ, ಮಿಲಿಟ್ರಿಯಾಗ ಟ್ಯಾಂಕ್ ನೋಡ್ಕೊಂತಿದ್ಯಂತಲ್ಲಪಾ?"

"ಹೌದ್ರಿ ಸರ. ಮೆಕ್ಯಾನಿಕ್ ಇದ್ದೆ."

"ಚಲೋ ಆತು. ನಮ್ದು ಒಂದು ವಾರದಿಂದ ಸೋರಾಕ ಹತ್ತೈತಿ."

ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಮಾಳಿಗೆ ನೋಡಿದ. ಏಣಿ ಹತ್ತಿದ. ಅರ್ಧ ತಾಸಿನಲ್ಲಿ ಸೋರುವುದು ನಿಂತಿತು. ಇಳಿದು ಬಂದು ಕೈ ತೊಳೆಯುತ್ತ, "ಸರ, ನಾ ನೋಡ್ಕೊಂತಿದ್ದದ್ದು ಈ ಟ್ಯಾಂಕ್ ಅಲ್ರಿ" ಎಂದ.

"ಮತ್ತ, ಸಿಮೆಂಟಿಂದೇನು?" ಎಂದೆ.

ನಾನು ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವನ ಕೈಗುಣವನ್ನು ಹತ್ತು ಮಂದಿಯ ಮುಂದೆ ಹೊಗಳಿದೆ. ಹತ್ತೂ ಮನೆಗಳಿಂದ ಕರೆ ಬಂತು. ಆಮೇಲೆ ಅವನು ತೋಪಿನ ಗಾಡಿಯ ವಿಷಯ ಎತ್ತಿದರೆ ಜನ ನಗುತ್ತಿದ್ದರು. ಸೋರುವ ಟ್ಯಾಂಕನ್ನು ಇಷ್ಟು ಚಂದ ರಿಪೇರಿ ಮಾಡುವವನು ತೋಪಿನ ಗಾಡಿಯ ಮೆಕ್ಯಾನಿಕ್ ಹೇಗಾದಾನು?

ಹೊರಗಿನವರ ಮಾತು ಹೋಗಲಿ, ಅವನ ಹೆಂಡತಿ ಶಿವಲಿಂಗವ್ವನೂ ಹಾಗೇ ತಿಳಿದಿದ್ದಳು. ಅವನು ಪತ್ರದಲ್ಲಿ ಬರೆಯುತ್ತಿದ್ದದ್ದು 'ಟ್ಯಾಂಕಿನ ಕೆಲಸ ಚೆನ್ನಾಗಿ ನಡೆದಿದೆ' ಎಂದಷ್ಟೇ. ಸೂಟಿಗೆ ಬಂದಾಗ ಗಂಡಹೆಂಡತಿ ಕೂತು ಟ್ಯಾಂಕಿನ ವಿಷಯ ಮಾತಾಡುವ ಪದ್ಧತಿ ಯಾವ ಸಂಸಾರದಲ್ಲೂ ಇಲ್ಲ. ಹದಿನೇಳು ವರ್ಷ ಆಕೆ ಮಗ್ಗದ ಕುಣಿಯಲ್ಲಿ ಕೂತು, ಓಣಿಯ ಹೆಂಗಸರಿಗೆ ಹೆಮ್ಮೆಯಿಂದ ಹೇಳಿದ್ದು ಒಂದೇ ಮಾತು: "ನಮ್ಮವ್ರು ರಾಜಸ್ಥಾನದ ಮಳಲಾಗ ಸೈನಿಕರಿಗೆ ನೀರು ಕೊಡ್ತಾರ."

ಅವನು ಆಕೆಯ ಮುಂದೆ ಚರಿಗೆಯನ್ನು ಮಕಾಡೆ ಹಾಕಿ, ಅದಕ್ಕೊಂದು ಲಾಳಿ ಆನಿಸಿ, "ಇದು ತಲಿ, ಇದು ತೋಪು" ಎಂದು ತೋರಿಸಿದ.

"ಕೊಲ್ಲೋ ಗಾಡಿಯೇನ್ರಿ?" ಎಂದಳು ಶಿವಲಿಂಗವ್ವ. "ನೀರು ಅಂತ ಎಲ್ಲಾರಿಗೂ ಹೇಳೀನಿ. ಈಗ ಚರಿಗಿ ನೋಡಿ ಹೊಳ್ಳಿ ಹೇಳ್ಲೇನು? ಕಣ್ಣಾರೆ ಕಂಡಿದ್ರ ಮಾತ ಬ್ಯಾರೆ."

"ಕಂಡ್ರ ಹೇಳ್ತಿಯೇನು?"

"ಕಂಡ್ರ ಹೇಳ್ತೇನಿ."

ಅಮೀನಪ್ಪ ಚರಿಗೆ ಎತ್ತಿಟ್ಟು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ. ಹದಿನೇಳು ವರ್ಷ ತಾನು ಬಿಚ್ಚಿ ಜೋಡಿಸಿದ ವೈಜಯಂತ ಟ್ಯಾಂಕಿನ ಆರನೇ ಒಂದು ಪಾಲಿನ ಮಾದರಿ. ಒಡಲೇ ನಾಲ್ಕೂಕಾಲು ಅಡಿ ಉದ್ದ. ರಟ್ಟಿನದಲ್ಲ, ಕಟ್ಟಿಗೆಯದಲ್ಲ, ಕಬ್ಬಿಣದ್ದೇ ಆಗಬೇಕು. ನೂಕಿದರೆ ಹೋಗುವುದಲ್ಲ, ತಾನೇ ನಡೆಯಬೇಕು. ಅಳತೆಗಳೆಲ್ಲ ಅವನ ಅಂಗಿಯ ಕಿಸೆಯ ಡೈರಿಯಲ್ಲಿದ್ದವು.

ಹಗಲು ಪವರ್‌ಲೂಮಿನಲ್ಲಿ ಫಿಟ್ಟರ್ ಕೆಲಸ, ಬೆಳಿಗ್ಗೆ ಎರಡು ತಾಸು ಮತ್ತು ಇಡೀ ರವಿವಾರ ಟ್ಯಾಂಕು. ಕಪಾಟು ಮಾಡುವವರ ಅಂಗಡಿಯಲ್ಲಿ ಉಳಿದ ದಪ್ಪ ತಗಡು ಒಡಲಾಯಿತು. ಲಾರಿಯ ಗಾಜು ಒರೆಸುವ ಮೋಟಾರು ಎರಡು ಸಿಕ್ಕವು, ಬಲಗಡೆಗೊಂದು ಎಡಗಡೆಗೊಂದು. ಗಾಲಿಗಳನ್ನು ಮಾತ್ರ ಹುನಗುಂದದ ಫಕ್ರುಸಾಬರ ಲೇತಿನಲ್ಲಿ ತಿರುವಿಸಬೇಕಿತ್ತು. ದಿನಾ ಹುನಗುಂದಕ್ಕೆ ಹೋಗಿಬರುವವನು ನಾನು. ಹೀಗೆ ಕೋರ್ಟಿನ ಗುಮಾಸ್ತನೊಬ್ಬ ಬುತ್ತಿ ಚೀಲದಲ್ಲಿ ಯುದ್ಧಸಾಮಗ್ರಿ ಸಾಗಿಸತೊಡಗಿದ.

ಫಕ್ರುಸಾಬರು ಹನ್ನೆರಡನೇ ಗಾಲಿ ತಿರುವುತ್ತ ಕೇಳಿದರು, "ಎಷ್ಟು ಲೀಟರ್ ಟ್ಯಾಂಕ್ರಿ ಇದು, ಇಷ್ಟು ಗಾಲಿ ಹಚ್ಚಾಕ ಹತ್ತ್ಯಾನ?"

"ಸಾಬ್ರ, ಇದು ಯುದ್ಧದ್ದು."

"ಯುದ್ಧದಾಗೂ ನೀರು ಬೇಕಲ್ರಿ ಮತ್ತ."

ತೋಪಿನ ನಳಿಗೆ ತಂದ ದಿನ ಬಸ್ಸಿನ ಕಂಡಕ್ಟರು ತಡೆದ. "ಏನ್ರಿ ಸಾಹೇಬ್ರ ಇದು? ಲಗೇಜ್ ಆಗತೈತಿ." ನಾನು ಗತ್ತಿನಿಂದ, "ಟ್ಯಾಂಕಿಂದು" ಎಂದೆ. "ನಳದ ಪೈಪೇನು? ಹಂಗಾರ ಕಾಲಾಗ ಇಟ್ಕೊರಿ" ಎಂದು ಬಿಟ್ಟುಬಿಟ್ಟ. ಅಮೀನಪ್ಪನಿಗೆ ಇದನ್ನು ತಮಾಷೆಯೆಂದು ಹೇಳಿದೆ. ಅವನು ನಗಲಿಲ್ಲ. ನಳಿಗೆ ತೆಗೆದುಕೊಂಡು ಒಳಗೆ ಹೋದ.

ಇಷ್ಟು ಸೇವೆ ಮಾಡಿದವನಿಗೆ ಒಂದು ಗುರುತು ಬೇಡವೇ? 2000ದ ಆಗಸ್ಟ್ ಹದಿನೈದಕ್ಕೆ ಟ್ಯಾಂಕನ್ನು ಹೈಸ್ಕೂಲು ಮೈದಾನದಲ್ಲಿ ನಡೆಸುವುದೆಂದು ಸಮಿತಿಯಲ್ಲಿ ಠರಾವು ಮಾಡಿಸಿದೆ. ಜೊತೆಗೆ 'ಕಾರ್ಯದರ್ಶಿಗಳ ಪ್ರೇರಣೆಯಿಂದ' ಎಂದು ಬರೆಸಿದ ತಗಡಿನ ಫಲಕವೊಂದನ್ನು ಒಯ್ದು ಕೊಟ್ಟೆ.

"ಖರೇ ಟ್ಯಾಂಕಿನ ಮ್ಯಾಲ ಕಾರ್ಯದರ್ಶಿ ಹೆಸರು ಇರಾಂಗಿಲ್ರಿ ಸರ."

"ಎಲ್ಲೆರ ಒಂದು ಮೂಲ್ಯಾಗ ಹಚ್ಚಪಾ."

ಹಚ್ಚಿದ. ವಾರದ ನಂತರ ನೋಡಿದರೆ ಫಲಕ ಟ್ಯಾಂಕಿನ ಹೊಟ್ಟೆಯ ಕೆಳಗೆ ಬ್ಯಾಟರಿ ಹೊತ್ತು ಮಲಗಿತ್ತು, ಬರಹ ನೆಲದ ಕಡೆಗೆ. "ತಗಡು ಗಟ್ಟಿ ಐತ್ರಿ" ಎಂದು ಮೆಚ್ಚಿ ಹೇಳಿದ.

ಅವನ ನಿಖರತೆಯ ಹುಚ್ಚು ನನಗೆ ಪೂರ್ತಿ ತಿಳಿದದ್ದು ಮಡ್‌ಗಾರ್ಡಿನ ದಿನ. ಎರಡು ರವಿವಾರ ಬಡಿದು, ಉಜ್ಜಿ, ಕನ್ನಡಿಯಂತೆ ಮಾಡಿದ ಎಡಗಡೆಯ ಮಡ್‌ಗಾರ್ಡಿಗೆ ಸುತ್ತಿಗೆ ಎತ್ತಿ ಒಂದೇ ಏಟು ಹಾಕಿದ. ನಾನು ಎದ್ದು ನಿಂತೆ.

"ಏನಾತೋ?"

"ನನ್ನ ಗಾಡಿಗೆ ಇಲ್ಲಿ ತೆಗ್ಗು ಇತ್ರಿ. ಹಿಂದಕ ತಗೊಳ್ಳೂವಾಗ ಬೇವಿನ ಗಿಡಕ್ಕ ಬಡಿದಿತ್ತು. ನಾನ ನಡಸ್ತಿದ್ದೆ." ಬೆರಳಿನಿಂದ ಮುಟ್ಟಿ ನೋಡಿ, "ಇನ್ನೊಂದೀಟ ಆಳ ಬೇಕು" ಎಂದು ಮತ್ತೊಂದು ಹಾಕಿದ.

ಎಲ್ಲ ಆಗಿ ಉಳಿದದ್ದು ಗಾಲಿಗಳನ್ನು ಸುತ್ತುವ ಕಬ್ಬಿಣದ ಪಟ್ಟಿ. ಒಂದು ಬದಿಗೆ ಎಂಬತ್ತಾರು ತುಂಡು, ಎರಡೂ ಸೇರಿ ನೂರಾ ಎಪ್ಪತ್ತೆರಡು. ತುಂಡಿಗೆ ತುಂಡು ಸೇರಿಸಿ ನಡುವೆ ಪಿನ್ನು. ಪಿನ್ನಿನ ದಪ್ಪಕ್ಕೆ ಸರಿಯಾಗಿ, ಕೂದಲೂ ತೂರದಂತೆ ತೂತು ಕೊರೆದಿದ್ದ. ಮೇ ತಿಂಗಳ ಒಂದು ರವಿವಾರ ಅಂಗಳದಲ್ಲಿ ಬಿಟ್ಟ. ಟ್ಯಾಂಕು ಗುರ್ರೆಂದು ನೆಟ್ಟಗೆ ಹೋಯಿತು. ನಾನು ಚಪ್ಪಾಳೆ ತಟ್ಟಿದೆ. ಹೊರಳಿಸಿದ, ಪಟಕ್ಕನೆ ಪಿನ್ನು ಮುರಿಯಿತು. ಹೊಸದು ಹಾಕಿದ. ಮತ್ತೆ ಹೊರಳಿಸಿದ. ಮತ್ತೆ ಪಟಕ್. ಆರು ಪಿನ್ನು ಮುರಿದವು.

"ನೆಟ್ಟಗ ನಡಸು ಸಾಕು. ಯಾರು ಕೇಳ್ತಾರ?" ಎಂದೆ.

"ಹೊರಳಲಿಲ್ಲಂದ್ರ ಅದು ಟ್ಯಾಂಕ್ ಅಲ್ರಿ. ಆಕಿ ನಂಬಾಂಗಿಲ್ಲ."

ಆಕೆ ಮಗ್ಗದ ಕುಣಿಯಿಂದಲೇ ನೋಡುತ್ತಿದ್ದಳು. ಎದ್ದು ಬಂದು ಮುರಿದ ಪಟ್ಟಿ ಎತ್ತಿದಳು. "ಇವಕ್ಕ ಏನಂತಾರ್ರಿ?"

"ಕೊಂಡಿ."

"ಕೊಂಡಿನ?" ಶಿವಲಿಂಗವ್ವ ನಕ್ಕಳು. "ಅದಕ್ಕ ಮುರೀತಾವ."

ಇಳಕಲ್ಲ ಸೀರೆಯ ಒಡಲಿನ ಎಳೆಯನ್ನೂ ದಡಿಯ ಎಳೆಯನ್ನೂ ಒಂದರಲ್ಲೊಂದು ಸಿಕ್ಕಿಸಿ ಹಿಡಿಸುವುದಕ್ಕೂ ನೇಕಾರರು ಕೊಂಡಿ ಎಂದೇ ಅನ್ನುತ್ತಾರೆ. ಆಕೆ ಹುಟ್ಟಿದಾಗಿನಿಂದ ಮಾಡಿದ ಕೆಲಸ ಅದು.

"ಕೊಂಡಿ ಇಷ್ಟು ಬಿಗಿ ಹಾಕಿದ್ರ ದಡಿ ಮುದುಡ್ತೈತ್ರಿ. ಹೊಳ್ಳಾಕ ಒಂಚೂರು ಜಾಗಾ ಕೊಡಬೇಕು. ಭಾಳ ಕೊಟ್ರ ಬಿಚ್ಚಿಕೊಂಡು ಹೋಗತೈತಿ."

"ಎಷ್ಟು ಕೊಡಬೇಕು?" ಅಮೀನಪ್ಪ ಡೈರಿ ತೆಗೆದ.

"ಅದನ್ನ ಯಾರು ಅಳದಾರ? ಕೈಗೆ ಗೊತ್ತಾಗತೈತಿ."

ಡೈರಿಯ ಮನುಷ್ಯನಿಗೆ ಇದು ಕಹಿ ಔಷಧ. ಆದರೂ ನುಂಗಿದ. ತೂತನ್ನು ಎಳೆಯಷ್ಟು ಎಳೆಯಷ್ಟು ದೊಡ್ಡದು ಮಾಡಿ ಜೋಡಿ ತುಂಡುಗಳನ್ನು ಆಕೆಯ ಕೈಗೆ ಕೊಟ್ಟ. ಆಕೆ ಕಣ್ಣು ಮುಚ್ಚಿ ಅಲ್ಲಾಡಿಸಿ "ಊಹೂಂ" ಎಂದಳು. ಮತ್ತೆ ಕೊರೆದ. "ಊಹೂಂ." ಐದನೇ ಸಲ "ಹೂಂ, ಇದು" ಎಂದಳು. ಅವನು ಅದನ್ನು ಅಳೆದು ಡೈರಿಯಲ್ಲಿ ಬರೆದುಕೊಂಡ. ನಾನು ಇಣುಕಿ ನೋಡಿದೆ. 'ಶಿವಲಿಂಗವ್ವನ ಅಳತೆ' ಎಂದಿತ್ತು.

ಇನ್ನು ನೂರಾ ಎಪ್ಪತ್ತೊಂದು ಕೊಂಡಿ ಉಳಿದವು. ಅಷ್ಟನ್ನೂ ಬಿಚ್ಚಿದ, ಅಷ್ಟನ್ನೂ ಕೊರೆದ. ಜೂನ್ ಹೋಯಿತು, ಜುಲೈ ಹೋಯಿತು. ಕರಪತ್ರದಲ್ಲಿ ಟ್ಯಾಂಕಿನ ಹೆಸರು ಹಾಕಲೋ ಬೇಡವೋ ಎಂದು ನಾನು ದಿನಾ ಹೋಗಿ ಪೀಡಿಸಿದೆ. ಅವನು ತಲೆ ಎತ್ತದೆ, "ಹಾಕ್ರಿ" ಎಂದ. ಜೋಡಿಸಿದ ಒಂದೊಂದು ಕೊಂಡಿಯನ್ನೂ ಆಕೆ ಅಲ್ಲಾಡಿಸಿ ನೋಡಿದಳು. ಒಂಬತ್ತನ್ನು ತಿರುಗಿ ಕಳಿಸಿದಳು.

ಆಗಸ್ಟ್ ಹದಿನೈದರ ಬೆಳಿಗ್ಗೆ ನಾನು ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಅದು ಯಾರಿಗೂ ನೆನಪಿಲ್ಲ. ಆಮೇಲೆ ಅಮೀನಪ್ಪ, ಉದ್ದ ವೈರಿನ ತುದಿಗೆ ಸ್ವಿಚ್ಚಿನ ಡಬ್ಬಿ ಹಿಡಿದು, ಹಸಿರು ಬಣ್ಣದ ಟ್ಯಾಂಕಿನ ಹಿಂದೆ ನಡೆಯುತ್ತ ಮೈದಾನಕ್ಕೆ ಬಂದ. ನೆಟ್ಟಗೆ ಹೋಯಿತು. ಧ್ವಜದ ಕಟ್ಟೆಯ ಹತ್ತಿರ ಅವನ ಹೆಬ್ಬೆರಳು ಕ್ಷಣಹೊತ್ತು ನಿಂತಿತು. ಒತ್ತಿದ. ಟ್ಯಾಂಕು ಎಡಕ್ಕೆ ಹೊರಳಿತು. ಬಲಕ್ಕೆ ಹೊರಳಿತು. ಯಾವ ಪಿನ್ನೂ ಪಟಕ್ ಅನ್ನಲಿಲ್ಲ. ದಾರಿಗೆ ಅಡ್ಡ ಇಟ್ಟಿದ್ದ ನಮ್ಮೂರ ಕೆಂಪು ಕಲ್ಲಿನ ಮೇಲೆ ಮೂತಿ ಎತ್ತಿ ಹತ್ತಿತು, ತೂಗಿತು, ಆ ಕಡೆ ಧಡ್ಡನೆ ಇಳಿಯಿತು. ಮೈದಾನವೆಲ್ಲ ಸಿಳ್ಳೆ.

ಹೆಂಗಸರ ಗುಂಪಿನಲ್ಲಿದ್ದ ನೆರೆಮನೆಯ ಹನಮವ್ವ ಕೇಳಿದಳು, "ಚಂದ ಐತಿ ಬಿಡ. ಎಷ್ಟು ನೀರು ಹಿಡೀತೈತ ಶಿವಲಿಂಗವ್ವಾ?"

ಅಮೀನಪ್ಪ ಸ್ವಿಚ್ಚು ಬಿಟ್ಟ. ಟ್ಯಾಂಕು ನಿಂತಿತು.

"ನೀರಿಂದಲ್ಲ ಯವ್ವಾ, ತೋಪಿಂದು" ಎಂದಳು ಶಿವಲಿಂಗವ್ವ. ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿ, ಮೈದಾನದ ಆಚೆಯವರಿಗೂ ಕೇಳಿತು. "ಇಂಥಾವನ್ನ ನಮ್ಮವ್ರು ಹದಿನೇಳು ವರ್ಷ ರಿಪೇರಿ ಮಾಡ್ಯಾರ. ನಾ ತಪ್ಪ ಹೇಳಿದ್ದೆ. ಕೊಂಡಿ ಮಾತ್ರ ನಂದು."

ಅಮೀನಪ್ಪ ಬಗ್ಗಿ ಟ್ಯಾಂಕಿನ ಬೆನ್ನಿಗೆ ಸಿಕ್ಕಿಸಿದ್ದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ತಗಡಿನ ಡಬ್ಬಿಯೊಂದನ್ನು ಬಿಚ್ಚಿ, ಮುಚ್ಚಳ ತಿರುವಿ, ಹೆಂಡತಿಯ ಅಂಗೈಗೆ ಬಗ್ಗಿಸಿದ. ನೀರು.

"ನೀ ಹೇಳಿದ್ದೂ ಸುಳ್ಳಲ್ಲ. ಗಾಡಿ ಬೆನ್ನಿಗೆ ನೀರಿನ ಡಬ್ಬಿ ಇರತಿತ್ತು. ಮಳಲಾಗ ದಿನಾ ಮುಂಜಾನೆ ತುಂಬಿ, ಒಳಗಿದ್ದವರಿಗೆ ಕೊಡೋದು ನಾನ."

"ಅಯ್ಯ, ನೀರಿಂದಲ್ಲ ಅಂದಿ, ನೀರ ಬಂತಲ್ಲ!" ಎಂದು ಹನಮವ್ವ ಗೆದ್ದವಳಂತೆ ಕೂಗಿದಳು.

ಶಿವಲಿಂಗವ್ವ ಅಂಗೈಯ ನೀರನ್ನು ಚೆಲ್ಲದೆ ಹಿಡಿದುಕೊಂಡು ಕೇಳಿದಳು, "ಎಷ್ಟು ಹಿಡೀತೈತ್ರಿ ಇದು?"

"ಅರ್ಧ ಚಾದ ವಾಟಗ."

"ಸಾಕು ಬಿಡ್ರಿ" ಎಂದು ಕುಡಿದಳು.