ಕೌದಿಯಲ್ಲಿ ಹೊಲಿದ ದೀಪದ ರೊಕ್ಕ

“ಅಮ್ಮಾ, ಐನೂರರ ನೋಟು ಎಷ್ಟಿವೆ?” ನೇಪಾಳದ ಗಡಿಯಲ್ಲಿ ಕಸ್ಟಮ್ಸ್ ಅಧಿಕಾರಿ ನನ್ನ ಅತ್ತೆಯನ್ನು ಹಿಂದಿಯಲ್ಲಿ ಕೇಳಿದರು. ಲುಂಬಿನಿಯಲ್ಲಿ ತಮ್ಮ ಹೆಸರಲ್ಲೂ ದೀಪ ಹಚ್ಚಿರೆಂದು ಕಮಲಾಪುರದ ನಮ್ಮ ಓಣಿಯವರೆಲ್ಲ ಕೊಟ್ಟ ನೋಟುಗಳನ್ನು ಅತ್ತೆ, ಹೊದೆಯಲು ತಂದಿದ್ದ ಕೌದಿಯ ಅಂಚಿನೊಳಗಿಟ್ಟು ಹೊಲಿದಿದ್ದರು. ಸುಮ್ಮನಿರಲೆಂದು ನಾನು ಅವರ ಕೈ ಅದುಮಿದೆ. ಅವರು ಕೈ ಕೊಡವಿಕೊಂಡು, “ಕಳ್ಳರಿಗಿ ಅಂಜಿ ಹೊಲ್ದೀನವಾ, ಸಾಹೇಬ್ರಿಗಿ ಅಂಜಿ ಅಲ್ಲ” ಎಂದು ನನಗೆ ಹೇಳಿ, ಕಲಬುರಗಿ ಬಜಾರದಲ್ಲಿ ಕಲಿತ ಹಿಂದಿಯಲ್ಲಿ ಎಲ್ಲವನ್ನೂ ಬಿಚ್ಚಿಟ್ಟರು.

ಅಧಿಕಾರಿ ನಕ್ಕು, ಹೊಲಿಗೆ ಬಿಚ್ಚಲು ಮೇಜಿನ ಕತ್ತರಿಯನ್ನು ಅತ್ತೆಯ ಕೈಗೇ ಕೊಟ್ಟರು. ನೂರಕ್ಕಿಂತ ದೊಡ್ಡ ನೋಟುಗಳನ್ನು ಇಪ್ಪತ್ತೈದು ಸಾವಿರದವರೆಗೆ ಮಾತ್ರ ಒಯ್ಯಬಹುದು, ಬಚ್ಚಿಟ್ಟದ್ದು ಸಿಕ್ಕಿದ್ದರೆ ಜಪ್ತಿಯಾಗುತ್ತಿತ್ತು ಎಂದು ತಿಳಿಹೇಳಿದರು. ಮಿತಿ ಮೀರಿದ್ದಕ್ಕೆ ತಾವೇ ನಮ್ಮ ಜೊತೆ ಪಕ್ಕದ ಅಂಗಡಿಗೆ ಬಂದು ನೂರರ ನೋಟು ಮಾಡಿಸಿಕೊಟ್ಟರು. ಅವರ ಹೆಸರು ಕೇಳುವುದನ್ನೇ ನಾವು ಮರೆತೆವು.

ಲುಂಬಿನಿಯಲ್ಲಿ ಅತ್ತೆ ಓಣಿಯವರ ಹೆಸರು ಹೇಳುತ್ತ ಒಂದೊಂದೇ ದೀಪ ಹಚ್ಚಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ತಮ್ಮ ರೊಕ್ಕದಲ್ಲಿ ಇನ್ನೊಂದು ದೀಪ ಕೊಂಡು ಹಚ್ಚಿ ಕೈಮುಗಿದರು. “ಇದು ಕತ್ರಿ ಕೊಟ್ಟ ಸಾಹೇಬ್ರದು.”