ಎದುರು ಕೂತು ಕಲಿತ ಕ್ರೋಶಾ

ಪರೀಕ್ಷೆಯ ಕೊಠಡಿ ಡ್ಯೂಟಿ ಮಾಡಿದವರಿಗೆ ಗೊತ್ತು, ಅದು ಕೆಲಸವೂ ಅಲ್ಲ, ಬಿಡುವೂ ಅಲ್ಲ. ಪುಸ್ತಕ ಓದುವ ಹಾಗಿಲ್ಲ, ಫೋನು ಆಫೀಸಿನಲ್ಲಿ ಒಪ್ಪಿಸಿ ಬಂದಿರಬೇಕು, ಕೂತರೆ ತೂಕಡಿಕೆ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು, ಇಂಥ ಡ್ಯೂಟಿ ಬೇಕಾದಷ್ಟು ಮಾಡಿದ್ದೇನೆ. ಆವತ್ತು ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ. ಹೆಚ್ಚುವರಿ ಹಾಳೆ ಕಟ್ಟುವುದಕ್ಕೆ ಕೊಡುವ ಬಿಳೀ ದಾರದ ಉಂಡೆ ನನ್ನ ಕೈಯಲ್ಲಿತ್ತು. ಕೊನೆಯ ಬೆಲ್ಲು ಹೊಡೆದಾಗ ನೋಡಿಕೊಂಡರೆ, ಆ ದಾರದಲ್ಲಿ ಗೇಣುದ್ದ ಕ್ರೋಶಾ ಚೈನು ಹೆಣೆದುಬಿಟ್ಟಿದ್ದೆ. ಕಡ್ಡಿ ಇಲ್ಲ, ಬರೀ ಬೆರಳು. ಅದೂ ಎಡಗೈ ಬೆರಳು.

ಅದನ್ನು ಬಿಸಾಕಲು ಮನಸ್ಸು ಬರಲಿಲ್ಲ. ಸುತ್ತಿ ಪರ್ಸಿಗೆ ಹಾಕಿಕೊಂಡೆ. ಮೂವತ್ತು ವರ್ಷದ ಮೇಲಾಗಿತ್ತು ನಾನು ಕ್ರೋಶಾ ಕಡ್ಡಿ ಮುಟ್ಟಿ. ನನಗೆ ಮರೆತುಹೋಗಿದ್ದು ಬೆರಳಿಗೆ ಮರೆತಿರಲಿಲ್ಲ.

ನಾನು ಬೆಳೆದದ್ದು ಲಷ್ಕರ್ ಮೊಹಲ್ಲಾದಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಸಾಲಿನಲ್ಲಿ. ನಮ್ಮಪ್ಪನಿಗೆ ದಿನಸಿ ಮಂಡಿಯಲ್ಲಿ ಮೂಟೆ ತೂಗುವ ಕೆಲಸ. ಮನೆಯೊಳಗೆ ಮಧ್ಯಾಹ್ನವೂ ಲೈಟು ಹಾಕಬೇಕು. ಆದ್ದರಿಂದ ಅವ್ವ ಬೀದಿ ಬಾಗಿಲ ಮೆಟ್ಟಿಲ ಮೇಲೆ ಕೂತು ಕ್ರೋಶಾ ಹಾಕುತ್ತಿದ್ದಳು. ಅಂಗಡಿಯವರು ದಾರ ಕೊಡುತ್ತಿದ್ದರು, ಮಾದರಿ ಕೊಡುತ್ತಿದ್ದರು. ಇವಳು ಕರ್ಚೀಫಿನ ಅಂಚು, ಟೀವಿ ಕವರು, ಟೇಬಲ್ ಕ್ಲಾತು ಹಾಕಿ ವಾರಕ್ಕೊಮ್ಮೆ ಕೊಟ್ಟು ಕೂಲಿ ತರುತ್ತಿದ್ದಳು. ಬೀದಿಯಲ್ಲಿ ಹೋಗುವವರೆಲ್ಲ ಒಂದೇ ಮಾತು ಕೇಳುವರು: ಏನಮ್ಮಾ, ಆರ್ಡರ್ರಾ? ಅವ್ವ ತಲೆಯೆತ್ತದೆ ಹ್ಞೂಂ ಅನ್ನುವಳು.

ನನಗೂ ಕಲಿಸಿದಳು. ನಾನು ಎಡಚಿ. ಸ್ಕೂಲಿನಲ್ಲಿ ಮೇಷ್ಟ್ರು ಹೊಡೆದು ಹೊಡೆದು ಬರೆಯುವುದನ್ನು ಬಲಗೈಗೆ ತಂದಿದ್ದರು. ಊಟವೂ ಬಲಗೈಗೆ ಬಂದಿತ್ತು. ಕಡ್ಡಿ ಮಾತ್ರ ಬರಲಿಲ್ಲ. ಅವ್ವ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಷ್ಟೂ ನನ್ನ ದಾರ ಗೋಜಲಾಗುತ್ತಿತ್ತು. ಒಂದು ದಿನ ಅವಳೇ ಎದ್ದು ನನ್ನ ಎದುರು ಕೂತಳು. ನನ್ನ ಬಲಗೈ ನೋಡಿಕೊಂಡು ನೀನು ಎಡಗೈ ಆಡಿಸು, ಕನ್ನಡಿ ನೋಡ್ಕೊಂಡಂಗೆ, ಅಂದಳು. ಆ ಮಧ್ಯಾಹ್ನವೇ ನನಗೆ ಕೈ ಕೂಡಿತು.

ಅಜ್ಜಿಗೆ ಸಿಟ್ಟು ಬಂತು. ಹೆಣ್ಣು ಹುಡುಗಿ ಎಡಗೈಲಿ ಕೆಲಸ ಮಾಡಿದರೆ ಹೋದ ಮನೆಯವರು ಏನಂತಾರೆ ಎಂದು ಶುರುಮಾಡಿದರು. ಅತ್ತೆಗೆ ಎದುರು ಮಾತಾಡದ ಅವ್ವ ಆವತ್ತು ಮಾತಾಡಿದಳು. ಪೂಜೆಗೆ ಕೂತಾಗ ಇಷ್ಟಲಿಂಗ ಇಟ್ಟುಕೊಳ್ಳುವುದು ಎಡ ಅಂಗೈ ಮೇಲೇ ಅಲ್ಲವೇ ನಮ್ಮಲ್ಲಿ.

"ಲಿಂಗಕ್ಕೆ ಆಗೋ ಕೈ ದಾರಕ್ಕಾಗಲ್ವಾ, ಅತ್ತೆ?"

ಅಜ್ಜಿ ವಿಭೂತಿ ಗಟ್ಟಿ ಹುಡುಕುವ ನೆಪ ಮಾಡಿಕೊಂಡು ಒಳಗೆ ಹೋದರು.

ನಾನು ಹಾಕುತ್ತಿದ್ದದ್ದು ಕರ್ಚೀಫಿನ ಅಂಚು ಒಂದೇ. ಅಗಲದ ಕೆಲಸವೆಲ್ಲ ಅವ್ವನದು. ಬಿಎಸ್ಸಿಗೆ ಸೀಟು ಸಿಕ್ಕಿದ ದಿನ ಅವಳು ನನ್ನ ಕಡ್ಡಿ ಕಸಿದುಕೊಂಡಳು. ಇನ್ಮೇಲೆ ನಿನ್ನ ಕೈಲಿ ಪೆನ್ನು ಬಿಟ್ಟು ಬೇರೆ ಕಂಡರೆ ಸುಮ್ಮನಿರೋಳಲ್ಲ ಅಂದಳು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು, ಎಂಎಸ್ಸಿ ಮಾಡಿದವಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ನನಗೆ ಕಾಲೇಜು ಕೆಲಸದ ಆರ್ಡರು ಬಂದ ವಾರ ಅವ್ವ ಉಳಿದ ದಾರವನ್ನೆಲ್ಲ ಅಂಗಡಿಗೆ ಹಿಂದಿರುಗಿಸಿ ಬಂದಳು. ಆಮೇಲೆ ಅವಳೂ ಮುಟ್ಟಲಿಲ್ಲ.

ಈಗ ನಾವಿರುವುದು ಜಯಲಕ್ಷ್ಮಿಪುರಂನಲ್ಲಿ. ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಮನೆಗೆ ಮುಂದುಗಡೆ ಪೋರ್ಟಿಕೋ ಇದೆ, ಎಲ್ಲ ಕೋಣೆಗೂ ಬೆಳಕಿದೆ. ಇಲ್ಲದಿರುವುದು ನನಗೆ ಹೊತ್ತು. ಬೆಳಿಗ್ಗೆ ತಿಂಡಿ, ಡಬ್ಬಿ, ಕಾಲೇಜು, ಲ್ಯಾಬು, ಮೀಟಿಂಗು, ಉತ್ತರಪತ್ರಿಕೆ, ಮಕ್ಕಳ ತಂದೆತಾಯಿಯರ ಫೋನು, ವಾಪಸು ಬಂದರೆ ಮತ್ತೆ ಅಡುಗೆ. ಆದರೂ ಪರ್ಸಿನಲ್ಲಿದ್ದ ಆ ಗೇಣುದ್ದ ಚೈನು ಸುಮ್ಮನಿರಲು ಬಿಡಲಿಲ್ಲ. ಒಂದು ಶನಿವಾರ ಶಿವರಾಂಪೇಟೆಗೆ ಹೋಗಿ ಉಲ್ಲನ್ನೂ ಒಂದು ಕಡ್ಡಿಯನ್ನೂ ತಂದೆ. ಅಂಗಡಿಯವನು ಮಗೂಗಾ ಮೇಡಂ ಅಂತ ಕೇಳಿದ. ಅಲ್ಲ ಅಂದೆ. ಹಾಗಾದ್ರೆ ಯಾರಿಗೆ ಅಂದ. ಗೊತ್ತಿಲ್ಲಪ್ಪ, ಆ ನೇರಳೆ ಬಣ್ಣದ್ದು ಕೊಡು ಅಂದೆ.

ಕಾಲೇಜಿನಿಂದ ಬಂದ ಮೇಲೆ ಒಂದು ಗಂಟೆ ನನ್ನದು ಎಂದು ಮನೆಯಲ್ಲಿ ಹೇಳಿಬಿಟ್ಟೆ. ನಮ್ಮ ಮನೆಯವರು ಕಾಫಿ ತಾವೇ ಮಾಡಿಕೊಳ್ಳುವುದಾಗಿ ಒಪ್ಪಿದರು. ಅವರ ಕಾಫಿ ಕುಡಿಯಬೇಕಾದ ಕಷ್ಟ ನನಗೇ ಬಂತು, ಅದು ಬೇರೆ ಮಾತು.

ಹೆಗಲ ಮೇಲೆ ಹಾಕಿಕೊಳ್ಳುವ ಸ್ಟೋಲು ಹೆಣೆಯೋಣ ಅಂತ ಕೂತೆ. ಫೋನಿನಲ್ಲಿ ವಿಡಿಯೋ ಹಾಕಿದರೆ ಎಲ್ಲ ಬಲಗೈಯವರದೇ. ಎಡಗೈಯವರಿಗೂ ವಿಡಿಯೋ ಇವೆ ಅಂತ ಗೊತ್ತಾಗಿದ್ದು ಬಹಳ ಆಮೇಲೆ. ನಾನು ಮಾಡಿದ್ದೇನು ಗೊತ್ತೆ? ಡ್ರೆಸ್ಸಿಂಗ್ ಟೇಬಲ್ಲಿನ ಮುಂದೆ ಕೂತು, ಫೋನನ್ನು ಕನ್ನಡಿಗೆ ಮುಖಮಾಡಿ ನಿಲ್ಲಿಸಿ, ಕನ್ನಡಿಯೊಳಗಿನ ವಿಡಿಯೋ ನೋಡಿಕೊಂಡು ಹೆಣೆದೆ. ಅದರಲ್ಲಿ ಹೆಣೆದು ತೋರಿಸುವ ಹೆಂಗಸಿನ ಬಲಗೈ ಎಡಗೈಯಾಗುತ್ತಿತ್ತು. ಅವ್ವ ಎದುರು ಕೂತದ್ದೇ ನೆನಪಿಗೆ ಬರುತ್ತಿತ್ತು. ಆದರೆ ಅವ್ವ ಪಕ್ಕದ ಕೋಣೆಯಲ್ಲೇ ಇದ್ದಳು, ಅವಳನ್ನು ಕೇಳಲು ನನಗೆ ಧೈರ್ಯವಿರಲಿಲ್ಲ.

ಎರಡನೆಯ ದಿನಕ್ಕೇ ಕಂಡುಹಿಡಿದಳು. ಬಾಗಿಲಲ್ಲಿ ನಿಂತು ಕೇಳಿದಳು.

"ಏನೇ ಇದು?"

"ಉಲ್ಲನ್ನು ಕಣವ್ವ."

"ಅದು ಕಾಣ್ತದೆ. ಯಾರಿಗೆ?"

"ಯಾರಿಗೂ ಇಲ್ಲ. ಸುಮ್ನೆ. ಹಾಬಿ."

ಹಾಬಿ, ಅಂದಳು ಅವ್ವ, ಯಾವುದೋ ಹೊಸ ಮಾತ್ರೆಯ ಹೆಸರು ಹೇಳಿದ ಹಾಗೆ. ಹಾಗೇ ಹೊರಟುಹೋದಳು. ಅಲ್ಲಿಂದ ಮುಂದೆ ನಾನು ಕಡ್ಡಿ ಹಿಡಿದಾಗಲೆಲ್ಲ ಅವಳ ಮುಖ ಗಂಟಾಗುತ್ತಿತ್ತು. ಊಟಕ್ಕೆ ಕರೆದರೆ ಬರುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು, ಅಷ್ಟೇ. ನಾನು ಅಂದುಕೊಂಡೆ, ಅವಳಿಗೆ ಅವಮಾನವಾಗಿದೆ. ಯಾವುದನ್ನು ಬಿಡಿಸಬೇಕೆಂದು ಜೀವ ತೇಯ್ದಳೋ ಅದನ್ನೇ ಎಂಎಸ್ಸಿ ಮಗಳು ಹಿಡಿದಿದ್ದಾಳೆ ಅಂತ. ನನಗೂ ರೋಷ ಬಂತು. ಒಂದು ಗಂಟೆ ನನ್ನ ಪಾಡಿಗೆ ನಾನಿದ್ದರೆ ಯಾರ ಗಂಟು ಹೋಗುತ್ತದೆ?

ಒಂದು ಬೆಳಿಗ್ಗೆ ನೋಡಿದರೆ ಹಾಲಿನ ಪ್ಯಾಕೆಟ್ಟು ಒಂದು ಕಮ್ಮಿ. ಹಾಲಿನವನನ್ನು ಕೇಳಿದೆ. ಅಜ್ಜಿಯವರೇ ಬೇಡ ಅಂದ್ರಲ್ಲ ಮೇಡಂ, ಅಂದ. ಅವ್ವನನ್ನು ಕೇಳಿದರೆ, ನಂಗೆ ಕಾಫಿ ಇಲ್ದಿದ್ರೂ ನಡೀತದೆ ಬುಡು, ಅಂದಳು. ಕಾಫಿ ಇಲ್ಲದೆ ತಲೆನೋವು ಬರುವ ಹೆಂಗಸು ಇವಳು. ಆ ಸಂಜೆ ನಮ್ಮ ಮನೆಯವರು ಮೆಲ್ಲಗೆ ನನ್ನನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದರು. ಅವ್ವ ಅವರ ಬಳಿ ಹೋಗಿ, ಆಫೀಸಿನಲ್ಲಿ ಏನಾದರೂ ತೊಂದರೆಯಾಗಿದೆಯೇ, ಸಂಬಳ ನಿಂತಿದೆಯೇ, ನನ್ನ ಹತ್ತಿರ ಮುಚ್ಚಿಡಬೇಡಿ ಎಂದು ವಿಚಾರಿಸಿದ್ದಳಂತೆ. ಅವರಿಗೆ ನಗು ಬಂದಿತ್ತಂತೆ, ಅವಳ ಮುಖ ನೋಡಿ ನಗಲಾಗಲಿಲ್ಲವಂತೆ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಸಿಟ್ಟು ಅಂತ ನಾನು ಅಂದುಕೊಂಡದ್ದು ಹೆದರಿಕೆಯಾಗಿತ್ತು. ಮನೆಯಲ್ಲಿ ಕಷ್ಟ ಬಂದಿದೆ, ಮಗಳು ಗುಟ್ಟಾಗಿ ಆರ್ಡರು ಹಿಡಿದಿದ್ದಾಳೆ, ಇದು ಅವ್ವನ ಲೆಕ್ಕ. ಅವಳು ಕಂಡ ಬದುಕಿನಲ್ಲಿ ಹೆಂಗಸರು ಕಡ್ಡಿ ಹಿಡಿಯುತ್ತಿದ್ದದ್ದು ಅದಕ್ಕೇ.

ನೇರ ಅವಳ ಹತ್ತಿರ ಹೋದೆ. ಸಂಬಳ ಇಬ್ಬರಿಗೂ ಬರುತ್ತಿದೆ, ಸಾಲವಿಲ್ಲ, ನನಗೆ ಖುಷಿಗೆ ಮಾಡುತ್ತಿದ್ದೇನೆ ಎಂದು ಬಿಡಿಸಿ ಹೇಳಿದೆ. ಅವ್ವ ಎಲ್ಲ ಕೇಳಿಸಿಕೊಂಡಳು.

"ನಾನೂ ನಿಮ್ಮಪ್ಪನಿಗೆ ಹಂಗೇ ಹೇಳ್ತಿದ್ದೆ," ಅಂದಳು. "ಮನೇಲಿ ಹೊತ್ತು ಹೋಗಲ್ಲ, ಅದಕ್ಕೇ ಹಾಕ್ತೀನಿ ಅಂತ."

ಬ್ಯಾಂಕಿನ ಪಾಸ್‌ಬುಕ್ಕು ತೋರಿಸಿದರೂ ಅವಳು ನಂಬುವಂತಿರಲಿಲ್ಲ. ಕಡ್ಡಿ ಎತ್ತಿಟ್ಟುಬಿಡಲೇ ಅನ್ನಿಸಿತು. ಅವಳ ನೆಮ್ಮದಿಗಿಂತ ನನ್ನ ಒಂದು ಗಂಟೆ ಹೆಚ್ಚಲ್ಲ. ಆದರೆ ಬಿಟ್ಟರೂ ಕಷ್ಟ. ನೋಡು, ನಾನು ಕಂಡುಹಿಡಿದೆ ಅಂತ ಬಿಟ್ಟಳು, ಈಗ ಕಾಲೇಜಿನಲ್ಲೇ ಕೂತು ಹಾಕುತ್ತಾಳೆ ಎಂದು ಅಂದುಕೊಳ್ಳುವ ಪೈಕಿ ಅವಳು.

ಅಷ್ಟರಲ್ಲಿ ನನ್ನ ಸ್ಟೋಲಿಗೇ ಬೇರೆ ರೋಗ ಬಂದಿತ್ತು. ಶುರುವಿನಲ್ಲಿ ಅಗಲವಾಗಿದ್ದದ್ದು ಸಾಲಿನಿಂದ ಸಾಲಿಗೆ ಕಿರಿದಾಗುತ್ತಾ ಹೋಗಿತ್ತು. ಎಲ್ಲಿ ತಪ್ಪುತ್ತಿದೆ ಎಂದು ಕನ್ನಡಿಯಲ್ಲಿ ಎಷ್ಟು ಸಲ ನೋಡಿದರೂ ತಿಳಿಯಲಿಲ್ಲ. ಭಾನುವಾರ ಮಧ್ಯಾಹ್ನ ಅದನ್ನು ಮಂಚದ ಮೇಲೆ ಹರಡಿದೆ. ಸ್ಟೋಲಿನ ಹಾಗಿರಲಿಲ್ಲ, ಮೊರದ ಹಾಗಿತ್ತು. ಕಡ್ಡಿ ತೆಗೆದು ದಾರದ ತುದಿ ಹಿಡಿದು ಎಳೆಯತೊಡಗಿದೆ. ಉಲ್ಲನ್ನು ಸರಸರನೆ ಬಿಚ್ಚಿಕೊಂಡು ಬಂತು. ಆ ಸದ್ದು ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ವಾರಗಟ್ಟಲೆ ಹೆಣೆದದ್ದು ಮಡಿಲಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿತ್ತು, ನಾನು ಯಾವುದೋ ಹಾಡು ಗುನುಗುತ್ತಾ ಉಂಡೆ ಸುತ್ತುತ್ತಿದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ ಅವ್ವ.

ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಉಂಡೆಯ ಮೇಲಿತ್ತು.

"ಎಲ್ಲಾನೂ ಬಿಚ್ಚಿಬುಟ್ಯಾ?"

"ಹ್ಞೂಂ. ಸರಿಯಾಗಿರಲಿಲ್ಲ."

"ಯಾರೂ ಏನೂ ಅನ್ನಲ್ವಾ?"

"ಯಾರವ್ವ ಅಂತಾರೆ? ನಂದು, ನಾನು ಬಿಚ್ಚಿದೆ."

ಅವ್ವ ಬಂದು ಮಂಚದ ಅಂಚಿಗೆ ಕೂತಳು. ಆರ್ಡರಿನ ಕೆಲಸದಲ್ಲಿ ಬಿಚ್ಚುವ ಮಾತೇ ಇರಲಿಲ್ಲ ಎಂದು ನಿಧಾನವಾಗಿ ಹೇಳಿದಳು. ತಪ್ಪಿದರೆ ಮುಂದಿನ ಸಾಲಿನಲ್ಲಿ ಹೇಗೋ ಮುಚ್ಚಬೇಕು, ಅಂಗಡಿಯವರ ಕಣ್ಣಿಗೆ ಬೀಳದ ಹಾಗೆ ಮಡಿಚಿ ಕೊಡಬೇಕು. ಬಿಚ್ಚಿದರೆ ವಾರದ ದಿನ ತಪ್ಪುತ್ತದೆ. ಒಂದು ಸಲ ದೊಡ್ಡ ಟೇಬಲ್ ಕ್ಲಾತಿನ ನಡುವೆ ತಪ್ಪು ಕಂಡು ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲವಂತೆ, ಆದರೂ ಹಾಗೇ ಕೊಟ್ಟಳಂತೆ. ಹೇಳುತ್ತಾ ಹೇಳುತ್ತಾ ಉಂಡೆಯನ್ನು ತೆಗೆದುಕೊಂಡು ಅಂಗೈಯಲ್ಲಿ ಒತ್ತಿ ನೋಡಿದಳು, ಹಣ್ಣು ನೋಡುವವರ ಹಾಗೆ.

"ಹಂಗಾದ್ರೆ ಆರ್ಡರ್ ಅಲ್ಲ," ಅಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಮಾರನೆಯ ದಿನದಿಂದ ಹಾಲಿನ ಪ್ಯಾಕೆಟ್ಟು ಮೊದಲಿನಷ್ಟೇ ಬಂತು. ನಾನೂ ಮತ್ತೆ ಮೊದಲಿಂದ ಶುರುಮಾಡಿದೆ. ಅವ್ವ ಈಗ ಕೋಣೆಗೆ ಬಂದು ಮಂಚದ ಮೇಲೆ ಕೂರುತ್ತಿದ್ದಳು. ನಾನು ಕನ್ನಡಿ, ಫೋನು, ಕಡ್ಡಿ ಎಂದು ಹೆಣಗುವುದನ್ನು ನೋಡುತ್ತಿದ್ದಳು. ಮೂರು ನಾಲ್ಕು ಸಂಜೆ ತಡೆದುಕೊಂಡಳು. ಆಮೇಲೆ ಆಗಲಿಲ್ಲ.

"ಆ ಕನ್ನಡೀಲಿರೋಳನ್ನ ಕಳಿಸ್ಬುಡು. ನೋಡಕ್ಕಾಗಲ್ಲ ನಂಗೆ. ಬಾ ಈಚೆಗೆ, ಬೆಳಕಿಗೆ."

ಪೋರ್ಟಿಕೋದಲ್ಲಿ ಎರಡು ಕುರ್ಚಿಯನ್ನು ಎದುರುಬದುರು ಹಾಕಿಸಿದಳು. ನಾನು ಕಡ್ಡಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ನಂದು ಮುಗೀತು, ನಿಂದು ನೀನು ಹಾಕು, ಅಂದಳು. ಬರಿಗೈಯಲ್ಲೇ ತೋರಿಸಿದಳು. ಗಾಳಿಯಲ್ಲಿ ದಾರ ಸುತ್ತಿದಳು, ಗಾಳಿಯಲ್ಲೇ ಎಳೆದಳು. ಬೆರಳ ಗೆಣ್ಣು ಊದಿಕೊಂಡಿವೆ, ಆದರೂ ಅವು ಸರಿಯಾದ ಜಾಗಕ್ಕೇ ಹೋಗುತ್ತಿದ್ದವು. ನಾನು ಅವಳ ಬಲಗೈ ನೋಡಿಕೊಂಡು ಎಡಗೈ ಆಡಿಸಿದೆ. ಸಾಲಿನ ಕೊನೆಗೆ ಬಂದು ತಿರುಗಿಸಿದಾಗ ಅವಳು ನನ್ನ ಮೊಣಕಾಲಿಗೆ ಮೆಲ್ಲಗೆ ಬಡಿದಳು. ಕೊನೆಯ ಕಂಬವನ್ನು, ಈ ತುದಿಯ ನಿಂತ ಹೆಣಿಗೆಯನ್ನು, ಬಿಟ್ಟು ತಿರುಗುತ್ತಿದ್ದೀಯ, ಪ್ರತಿ ಸಾಲಿಗೂ ಒಂದೊಂದು ಹೋದರೆ ಮೊರವಾಗದೆ ಇನ್ನೇನಾಗುತ್ತೆ ಅಂದಳು. ಆಗ ಹೊಳೆಯಿತು. ಹುಡುಗಿಯಾಗಿದ್ದಾಗ ನಾನು ಹಾಕಿದ್ದೆಲ್ಲ ಕರ್ಚೀಫಿನ ಅಂಚು. ಅದು ಸುತ್ತಿಕೊಂಡೇ ಹೋಗುತ್ತದೆ, ತಿರುಗುವುದೇ ಇಲ್ಲ. ತಿರುಗುವುದನ್ನು ಕಲಿಯುವ ಮೊದಲೇ ಅವಳು ಕಡ್ಡಿ ಕಸಿದುಕೊಂಡಿದ್ದಳು.

ಇದನ್ನು ಹೇಳಿದರೆ, ಅದಕ್ಕೇ ತಾನೇ ಈಗ ಕೂತಿರೋದು, ಅಂದಳು.

ಹಾಗೆ ಸಂಜೆ ಸಂಜೆ ನಡೆಯುತ್ತಿದೆ. ಎಲ್ಲ ಸಂಜೆಯೂ ಅಲ್ಲ. ಮೌಲ್ಯಮಾಪನದ ದಿನಗಳಲ್ಲಿ ಕಡ್ಡಿ ಮುಟ್ಟಲಾಗುವುದಿಲ್ಲ, ಮಳೆ ಬಂದರೆ ಪೋರ್ಟಿಕೋದಲ್ಲಿ ಕೂರಲಾಗುವುದಿಲ್ಲ. ಸ್ಟೋಲು ಮೊಳದಷ್ಟು ಆಗಿದೆ, ಎರಡು ಅಂಚೂ ನೆಟ್ಟಗಿವೆ.

ಮೊನ್ನೆ ಎದುರು ಮನೆಯ ಹಿರಿಯ ಹೆಂಗಸು ವಾಕಿಂಗಿನಿಂದ ಬರುತ್ತಾ ಗೇಟಿನ ಹತ್ತಿರ ನಿಂತರು. ನಮ್ಮಿಬ್ಬರನ್ನೂ ನೋಡಿ, ಉಲ್ಲನ್ನಿನ ಉಂಡೆ ನೋಡಿ, ಏನ್ರಮ್ಮಾ, ತಾಯಿ ಮಗಳು ಆರ್ಡರ್ ತಗೊಂಡಿದ್ದೀರಾ ಅಂದರು. ತಮಾಷೆಗೆ ಅಂದದ್ದು. ನಾನು ಮಾತ್ರ ಅವ್ವನ ಮುಖ ನೋಡುತ್ತಾ ಸಾಲು ತಿರುಗಿಸಿದೆ. ಮೆಟ್ಟಿಲ ಮೇಲೆ ತಲೆಯೆತ್ತದೆ ಹ್ಞೂಂ ಅನ್ನುತ್ತಿದ್ದವಳು ನನ್ನ ಎದುರಿಗಿದ್ದಳು.

ಅವ್ವ ತಲೆಯೆತ್ತಿದಳು.

"ಆರ್ಡರೂ ಇಲ್ಲ, ಏನೂ ಇಲ್ಲ ಕಣ್ರೀ. ನಮ್ಮ ಮಗಳಿಗೆ ಇದು ಹಾಬಿ. ಸರಿಹೋಗ್ಲಿಲ್ಲ ಅಂದ್ರೆ ಅಷ್ಟೂ ಎಳೆದು ಉಂಡೆ ಸುತ್ತುಬುಡ್ತಾಳೆ. ಕೇಳೋರಿಲ್ಲ."

ಆಕೆ ನಕ್ಕು ಹೋದರು. ಅವ್ವ ನನ್ನ ಕಡೆ ತಿರುಗಿ, ಬರಿಗೈಯನ್ನು ಮತ್ತೆ ಎತ್ತಿಕೊಂಡು, ಮಾತು ಕೇಳ್ತಾ ಕೊನೇ ಕಂಬ ಬಿಟ್ಟೆ ನೋಡು ಅಂದಳು. ನೋಡಿದೆ. ಬಿಟ್ಟಿದ್ದೆ. ಆ ಒಂದು ಸಾಲನ್ನು ಬಿಚ್ಚಿದೆ.